ಕಂಬದ ಬುಡ ನೋಡಿ ಕೊಳ್ಳಿ

ಅಮೆರಿಕದ ಆಟದ ಸಾಮಾನಿನ ಅಂಗಡಿಯಲ್ಲಿ ಟೆದರ್‌ಬಾಲ್ ಸೆಟ್ಟಿನ ಡಬ್ಬದ ಮೇಲೆ ಚೆಂಡಿನದೇ ದರ್ಬಾರು. ಬಣ್ಣದ ಚೆಂಡು, ನಗುವ ಇಬ್ಬರು ಮಕ್ಕಳು, ಹಿಂದೆ ಹಸಿರು ಹುಲ್ಲು. ಕಂಬದ ಬುಡ ಚಿತ್ರದಲ್ಲಿ ಕಾಣಿಸುವುದು ಅಪರೂಪ. ನನ್ನ ತಕರಾರು ಅಲ್ಲಿಂದಲೇ ಶುರು. ಜನ ಚೆಂಡು ನೋಡಿ ದುಡ್ಡು ಕೊಡುತ್ತಾರೆ. ಆಟ ಕೆಡುವುದು ಬುಡದಲ್ಲಿ.

ಟೆದರ್‌ಬಾಲ್ ಎಂದರೆ ಸುಮಾರು 10 ಅಡಿ ಎತ್ತರದ ಕಂಬ, ತುದಿಯಿಂದ ಇಳಿಬಿಟ್ಟ ಹಗ್ಗ, ಹಗ್ಗದ ಕೊನೆಗೆ ವಾಲಿಬಾಲಿನಷ್ಟು ದಪ್ಪದ ಚೆಂಡು. ಇಬ್ಬರು ಎದುರುಬದುರು ನಿಂತು, ಒಬ್ಬರು ಬಲಸುತ್ತಿಗೆ, ಇನ್ನೊಬ್ಬರು ಎಡಸುತ್ತಿಗೆ ಹೊಡೆಯುತ್ತಾರೆ. ಯಾರ ದಿಕ್ಕಿಗೆ ಹಗ್ಗ ಪೂರ್ತಿ ಸುತ್ತಿಕೊಂಡಿತೋ ಅವರು ಗೆದ್ದರು. ಹಗ್ಗ, ಕಂಬ ಮುಟ್ಟುವಂತಿಲ್ಲ, ಚೆಂಡು ಹಿಡಿದುಕೊಳ್ಳುವಂತಿಲ್ಲ. ಅಲ್ಲಿನ ಶಾಲೆಗಳಲ್ಲಿ ಬೆಳೆದವರಿಗೆ ಇದು ಬಾಲ್ಯದ ಆಟ. 2004ರ ‘ನೆಪೋಲಿಯನ್ ಡೈನಮೈಟ್’ ಸಿನಿಮಾ ಮುಗಿಯುವುದೂ ಇಂಥ ಒಂದು ಕಂಬದ ಬಳಿಯೇ. ಡಲ್ಲಾಸ್ ಸುತ್ತಿನ ಪ್ಲೇನೋ, ಫ್ರಿಸ್ಕೋಗಳಲ್ಲಿ ಮನೆ ಮಾಡಿರುವ ನಮ್ಮವರಿಗೆ ಆ ನೆನಪಿಲ್ಲ. ಮಕ್ಕಳು ಶಾಲೆಯಲ್ಲಿ ನೋಡಿ ಬಂದು ಹಠ ಹಿಡಿದಾಗಲೇ ಹಿತ್ತಲಿನ ಅಳತೆ ಶುರುವಾಗುತ್ತದೆ. ಗಲ್ಲಿ ಕ್ರಿಕೆಟ್ಟಿನಲ್ಲಿ ಪಕ್ಕದ ಮನೆಯವರ ಬೈಗುಳ ತಿಂದು ಬೆಳೆದವರಿಗೆ ಈ ಆಟದ ಒಂದು ಗುಣ ತಕ್ಷಣ ಹಿಡಿಸುತ್ತದೆ: ಚೆಂಡು ಬೇಲಿ ದಾಟುವುದಿಲ್ಲ.

ಕೊಳ್ಳಲು ಹೋದರೆ ಎದುರಾಗುವುದು ಎರಡು ಜಾತಿ. ನೆಲ ಅಗೆದು ನೆಡುವಂಥದು ಒಂದು. ಪ್ಲಾಸ್ಟಿಕ್ ತೊಟ್ಟಿಗೆ ನೀರೋ ಮರಳೋ ತುಂಬಿ ನಿಲ್ಲಿಸುವಂಥದು ಇನ್ನೊಂದು. ಎರಡನೆಯದೇ ಸುಲಭ, ಹಾಗಾಗಿ ಹೆಚ್ಚಿನವರ ಕೈ ಅದಕ್ಕೇ ಹೋಗುತ್ತದೆ. ಒಂದು ಒರಟು ಲೆಕ್ಕ ಹಾಕಿ ನೋಡೋಣ. 400 ಗ್ರಾಮಿನ ಚೆಂಡು ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಸುತ್ತುತ್ತಿದೆ, ಹಗ್ಗ 2 ಮೀಟರ್ ಚಾಚಿದೆ ಎನ್ನಿ. ಆಗ ಕಂಬದ ತುದಿಯನ್ನು ಅದು ಹೊರಗೆ ಎಳೆಯುವುದು ಸುಮಾರು ಒಂದೂಕಾಲು ಕಿಲೋ ತೂಕದಷ್ಟು. ಹಗ್ಗ ಸುತ್ತಿಕೊಳ್ಳುತ್ತ ಗಿಡ್ಡವಾದಾಗ ಚೆಂಡಿನ ವೇಗ ಅಷ್ಟಾಗಿ ಕುಗ್ಗುವುದಿಲ್ಲ, ತಿರುಗುವ ಸುತ್ತು ಮಾತ್ರ ಚಿಕ್ಕದಾಗುತ್ತದೆ. ಹಗ್ಗ ಅರ್ಧ ಮೀಟರಿಗೆ ಬಂದಾಗ ಎಳೆತ ನಾಲ್ಕು ಪಟ್ಟಾಗಿ 5 ಕಿಲೋದ ಹತ್ತಿರ ಹೋಗುತ್ತದೆ. ಇತ್ತ 45 ಕಿಲೋ ತೂಕದ, ನಡುವಿನಿಂದ ಅಂಚಿಗೆ 30 ಸೆಂಟಿಮೀಟರ್ ಇರುವ ತೊಟ್ಟಿಯನ್ನು 3 ಮೀಟರ್ ಎತ್ತರದಿಂದ ಉರುಳಿಸಲು ನಾಲ್ಕೂವರೆ ಕಿಲೋ ಎಳೆತ ಸಾಕು. ಎಂದರೆ ಗೆಲುವು ಹತ್ತಿರವಾಗಿ ಆಟ ರಂಗೇರಿದ ಗಳಿಗೆಯಲ್ಲೇ ತೊಟ್ಟಿ ಒಂದು ಬದಿಗೆ ಏಳುತ್ತದೆ. ನೀರಿನ ಬದಲು ಮರಳು ತುಂಬಿದರೆ ಒಂದೂವರೆ ಪಟ್ಟು ತೂಕ ಸಿಗುತ್ತದೆ, ನಿಜ. ಆದರೆ ಹಗ್ಗ ಹಿಡಿದು ಜೋತುಬೀಳುವ ಪೋರ ಒಬ್ಬನಾದರೂ ಇದ್ದೇ ಇರುತ್ತಾನಲ್ಲ, ಅವನ ಮುಂದೆ ಆ ಲೆಕ್ಕವೂ ನಿಲ್ಲದು. ಹಳೆ ಟೈರಿನೊಳಗೆ ಕಾಂಕ್ರೀಟ್ ಸುರಿದು ಮಾಡಿಕೊಳ್ಳುವ ಬುಡ ಇದಕ್ಕಿಂತ ಎಷ್ಟೋ ಮೇಲು. ಹುಲ್ಲು ಕತ್ತರಿಸುವಾಗ ಓರೆ ಮಾಡಿ ಉರುಳಿಸಿಕೊಂಡು ಹೋಗಬಹುದು; ಬಾಡಿಗೆ ಮನೆಯವರಿಗೆ ನಾನು ಅದನ್ನೇ ಹೇಳುತ್ತೇನೆ. ಅಂಗಡಿಯ ತೊಟ್ಟಿಯನ್ನು ಮಾತ್ರ ಯಾರಿಗೂ ಹೇಳಲಾರೆ.

ಸ್ವಂತ ಮನೆಯಿದ್ದರೆ ಅಗೆಯುವುದೇ ಸರಿ. ಸಲಿಕೆಗೆ ಮೊದಲು ಫೋನು: 811ಕ್ಕೆ ಕರೆ ಮಾಡಿದರೆ ನೆಲದಡಿಯ ತಂತಿ, ಕೊಳವೆಗಳ ಜಾಡನ್ನು ದುಡ್ಡಿಲ್ಲದೆ ಗುರುತು ಹಾಕಿಕೊಡುತ್ತಾರೆ. ಕೆಂಪು ಕರೆಂಟಿಗೆ, ಹಳದಿ ಗ್ಯಾಸಿಗೆ, ನೀಲಿ ಕುಡಿಯುವ ನೀರಿಗೆ. ಆದರೆ ಹುಲ್ಲಿಗೆ ನೀರು ಚಿಮುಕಿಸುವ ಸ್ಪ್ರಿಂಕ್ಲರ್ ಪೈಪು ಮನೆಯವರ ಖಾಸಗಿ ಆಸ್ತಿ, ಸಾಮಾನ್ಯವಾಗಿ ಆ ಗುರುತಿನಲ್ಲಿ ಬರುವುದಿಲ್ಲ. ಅದನ್ನು ನಾವೇ ಹುಡುಕಿಕೊಳ್ಳಬೇಕು.

ಸೆಟ್ಟಿನ ಜೊತೆ ಬರುವ ಕಾಗದದಲ್ಲಿ ಸಾಮಾನ್ಯವಾಗಿ 2 ಅಡಿ ಗುಂಡಿ ಎಂದಿರುತ್ತದೆ, ಯಾವ ಮಣ್ಣು ಎಂಬ ಮಾತೇ ಇರುವುದಿಲ್ಲ. ಇದು ದೊಡ್ಡ ಲೋಪ. ಡಲ್ಲಾಸ್ ಕೂತಿರುವುದು ಬ್ಲ್ಯಾಕ್‌ಲ್ಯಾಂಡ್ ಪ್ರೇರಿಯ ಕಪ್ಪು ಜೇಡಿಯ ಮೇಲೆ. ಧಾರವಾಡ, ಗದಗದ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ನಮ್ಮ ಎರಿ ಮಣ್ಣಿನ ಕುಲವೇ ಅದು: ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ. ಬೇಸಿಗೆಯಲ್ಲಿ ಮನೆಯ ತಳಪಾಯ ಬಿರಿಯದಿರಲೆಂದು ಅದರ ಸುತ್ತ ಪೈಪು ಹಾಸಿ ನೀರುಣಿಸುವ ಊರು ಡಲ್ಲಾಸ್. ಅಲ್ಲಿ 2 ಅಡಿಗೆ ನಿಲ್ಲಿಸಿದ ಕಂಬ ವರ್ಷ ತುಂಬುವುದರೊಳಗೆ ವಾಲಿದರೆ ಅಚ್ಚರಿಯಿಲ್ಲ. ಇನ್ನೂ ಅರ್ಧ ಅಡಿ ಇಳಿದು, ಗುಂಡಿಯ ತಳವನ್ನು ಬಾಯಿಗಿಂತ ಅಗಲ ಮಾಡಿದರೆ ಹಿಡಿತ ಸಿಗುತ್ತದೆ. ಮಿನೆಸೋಟದಂಥ ಚಳಿ ಸೀಮೆಯ ಪಾಡು ಬೇರೆ. ಅಲ್ಲಿ ನೆಲ 3 ಅಡಿಗೂ ಕೆಳಗೆ ಹೆಪ್ಪುಗಟ್ಟಿ ಕಾಂಕ್ರೀಟನ್ನೇ ಮೇಲಕ್ಕೆ ನೂಕುತ್ತದೆ.

ಕಂಬವನ್ನು ನೇರ ಕಾಂಕ್ರೀಟಿನಲ್ಲಿ ಹೂಳಬಾರದು. ಅದು ಸಡಿಲವಾಗಿ ಇಳಿಯುವಷ್ಟು ಅಗಲದ ಒಂದು ತೋಳುಕೊಳವೆಯನ್ನು ಹೂತು, ಅದರೊಳಗೆ ಕಂಬ ಇಳಿಸಬೇಕು. ಬೇಡವಾದಾಗ ಎತ್ತಿಟ್ಟು ಮುಚ್ಚಳ ಹಾಕಬಹುದು. ಗುಂಡಿಯ ತಳಕ್ಕೆ ಜಲ್ಲಿ, ಅದರ ಮೇಲೆ ತಳ ತೆರೆದ ಕೊಳವೆ, ಆಗ ಮಳೆನೀರು ಒಳಗೆ ನಿಲ್ಲುವುದಿಲ್ಲ. ಕೊಳವೆಯ ಬಾಯಿ ನೆಲಕ್ಕೆ ಸಮನಾಗಿರಲಿ, ಇಲ್ಲದಿದ್ದರೆ ಹುಲ್ಲು ಕತ್ತರಿಸುವ ಯಂತ್ರದ ಅಲಗು ಹೋಯಿತು. ಒಂದಡಿ ಅಗಲ, ಎರಡಡಿ ಆಳಕ್ಕೆ 80 ಪೌಂಡಿನ ಮೂರು ಚೀಲ ಕಾಂಕ್ರೀಟ್ ಬೇಕು. ಆಳ, ಅಗಲ ಹೆಚ್ಚಿಸಿದರೆ ಇನ್ನೊಂದೆರಡು ಚೀಲ. ಕಂಬ ಲಂಬವಾಗಿದೆಯೇ ಎಂದು ಎರಡು ಬದಿಯಿಂದ ರಸಮಟ್ಟ ಹಿಡಿದು ನೋಡಬೇಕು. ಆಮೇಲಿನದು ಕಷ್ಟದ ಕೆಲಸ: ಕಾಂಕ್ರೀಟ್ ಬಲಿಯುವ ತನಕ ಒಂದೆರಡು ದಿನ ಮಕ್ಕಳನ್ನು ದೂರ ಇಡುವುದು.

ಕಂಬದ ಬಗ್ಗೆಯೂ ಹೇಳಬೇಕು. ಡಬ್ಬದಲ್ಲಿ ಮಡಿಸಿಡಲು ಅನುಕೂಲವಾಗಲೆಂದು ಮೂರ್ನಾಲ್ಕು ತುಂಡು ಮಾಡಿ ಒಂದಕ್ಕೊಂದು ತುರುಕುವ ಕಂಬ ಆಡುತ್ತ ಆಡುತ್ತ ಗಡಗಡ ಅನ್ನತೊಡಗುತ್ತದೆ. ಬೇಲಿ ಸಾಮಾನಿನ ಅಂಗಡಿಯಲ್ಲಿ ಸಿಗುವ 2 ಇಂಚಿನ ಸತುವು ಲೇಪಿಸಿದ ಉಕ್ಕಿನ ಪೈಪೇ ಮೇಲು. ತುದಿಗೆ ಮುಚ್ಚಳ ಬೇಕೇ ಬೇಕು, ಬಾಯಿ ತೆರೆದ ಪೈಪೆಂದರೆ ಕಣಜಗಳಿಗೆ ಹಬ್ಬ. ಚೆಂಡಿನಲ್ಲಿ ನೋಡಬೇಕಾದ್ದು ಹಗ್ಗ ಕಟ್ಟುವ ಕೊಂಡಿ ಒಳಗೆ ತಗ್ಗಿನಲ್ಲಿದೆಯೇ ಎಂದು. ಹೊರಗೆ ಚಾಚಿದ್ದರೆ ಬೆರಳಿಗೆ ಪೆಟ್ಟು. ಸರಪಳಿ ಬೇಡ, ನೈಲಾನ್ ಹಗ್ಗ ಸಾಕು. ಕಂಬದ ಸುತ್ತ 10 ಅಡಿಯೊಳಗೆ ಬೇಲಿ, ಕಲ್ಲುಹಾಸು ಇರದಿದ್ದರೆ ಜಾಗದ ಮಾತು ಮುಗಿಯಿತು.

ಇಷ್ಟೆಲ್ಲ ಸರಿ ಮಾಡಿದರೂ ಆಟದ ಒಳಗಿನದೇ ಒಂದು ದೋಷ ಉಳಿಯುತ್ತದೆ. ಹಗ್ಗ ಸುತ್ತಿದಷ್ಟೂ ಚೆಂಡು ಮೇಲೇರುತ್ತದೆ, ಬೇಗ ಬೇಗ ಬರುತ್ತದೆ. ಒಮ್ಮೆ ಮುಂದೆ ಹೋದವರನ್ನು ಹಿಡಿಯುವುದು ಕಷ್ಟ, ಕುಳ್ಳಗಿರುವವರಿಗೆ ಅಸಾಧ್ಯ. ಒಂದೇ ಎತ್ತರದ ಇಬ್ಬರಿಗೆ ಇದು ಬಲು ಚುರುಕಿನ ಆಟ. ಹನ್ನೊಂದರ ಅಕ್ಕ, ಏಳರ ತಮ್ಮ ಆಡಿದರೆ ಮೂರೇ ಏಟಿಗೆ ಮುಗಿದು ಅಳು ಶುರು. ಹಗ್ಗ ಉದ್ದ ಮಾಡಿ ಚೆಂಡು ಇಳಿಸಿದರೆ ತುಸು ವಾಸಿ, ಆದರೆ ಸುತ್ತಿಕೊಂಡಾಗ ಅದು ಮತ್ತೆ ಮೇಲೆಯೇ ಹೋಗುತ್ತದೆ. ಅಕ್ಕ ಎಡಗೈಯಲ್ಲೇ ಹೊಡೆಯಬೇಕು, ಮೊದಲ ಏಟು ಯಾವಾಗಲೂ ತಮ್ಮನದು ಎಂದು ಮನೆಯ ನಿಯಮ ಮಾಡಿದರೆ ಆಟ ಸಮಕ್ಕೆ ಬರುತ್ತದೆ. ಅದನ್ನು ಅಕ್ಕನಿಗೆ ಒಪ್ಪಿಸುವುದು ಗುಂಡಿ ತೋಡುವುದಕ್ಕಿಂತ ಕಷ್ಟ.