ಕೌಂಟರಿನ ಆಚೆ ನಿಂತವರು

ಸಿನಿಮಾದ ಬಗ್ಗೆ ಬರೆಯಲು ನನಗಿರುವ ಅರ್ಹತೆ ಇಷ್ಟೇ: ಟಿಕೆಟು ಕೊಂಡು ನೋಡುತ್ತೇನೆ, ಹಿಡಿಸಿದ್ದನ್ನು ಮತ್ತೊಮ್ಮೆ ನೋಡುತ್ತೇನೆ. ಚಿತ್ರೋತ್ಸವಗಳಿಗೆ ಹೋದವನಲ್ಲ, ಕ್ಯಾಮರಾ ಸಂಕಲನಗಳ ಶಾಸ್ತ್ರ ಬಲ್ಲವನೂ ಅಲ್ಲ. ಆದರೂ ಚಿಕ್ಕಂದಿನಿಂದ ಎರಡು ಭಾಷೆಗಳ ಚಿತ್ರಗಳನ್ನು ನೋಡುತ್ತ ಬಂದವನಿಗೆ, ಯಾವುದು ಮನಸ್ಸಿನಲ್ಲಿ ಉಳಿಯಿತು, ಯಾಕೆ ಉಳಿಯಿತು ಎಂದು ಕೇಳಿಕೊಳ್ಳುವ ಹಕ್ಕಂತೂ ಉಂಟು. ಹಾಗೆ ಲೆಕ್ಕ ಹಾಕುತ್ತ ಹೋದಾಗ ಒಂದು ವಿಷಯ ಗಮನಕ್ಕೆ ಬಂತು. ನನಗೆ ಬಹಳ ಹಿಡಿಸಿದ ಚಿತ್ರಗಳಲ್ಲಿ ಒಬ್ಬ ಮನುಷ್ಯ ಏನೋ ಒಂದು ಅಹವಾಲು ಹೊತ್ತುಕೊಂಡು ಯಾವುದೋ ಮೇಜಿನ ಮುಂದೆ ನಿಂತಿರುತ್ತಾನೆ. ನಾನು ಬ್ಯಾಂಕಿನ ಗುಮಾಸ್ತ. ಮೇಜಿನ ಈಚೆ ಕೂರುವವನು. ಆಚೆ ನಿಂತವನ ಮುಖ ಕೆಲಸದ ಗಡಿಬಿಡಿಯಲ್ಲಿ ನನಗೆ ಕಾಣುವುದು ಅರೆ ನಿಮಿಷ. ಅವನು ಎಲ್ಲಿಂದ ಬಂದ, ಇಲ್ಲಿಂದ ಹೋಗಿ ಏನು ಮಾಡಿದ ಎಂಬುದನ್ನು ತೋರಿಸಿಕೊಟ್ಟವು ಈ ಚಿತ್ರಗಳು.

ಮೊದಲನೆಯದು ಗಿರೀಶ ಕಾಸರವಳ್ಳಿಯವರ ‘ತಬರನ ಕಥೆ’. ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಆಧರಿಸಿದ ಈ ಚಿತ್ರಕ್ಕೆ 1986ರ ಸಾಲಿನ ಸ್ವರ್ಣಕಮಲ ಬಂತು. ತಬರಸೆಟ್ಟಿಯ ಪಾತ್ರಕ್ಕೆ ಚಾರುಹಾಸನ್ ಶ್ರೇಷ್ಠ ನಟರೆನಿಸಿದರು. ಸರಕಾರಿ ನೌಕರಿಯಿಂದ ನಿವೃತ್ತನಾದ ತಬರನಿಗೆ ಪಿಂಚಣಿ ಬರಬೇಕು. ಹೆಂಡತಿಗೆ ಸಕ್ಕರೆ ಕಾಯಿಲೆ, ಕಾಲಿನ ಹುಣ್ಣು ಏರುತ್ತಿದೆ. ಕಡತ ಮಾತ್ರ ಅಲುಗುವುದಿಲ್ಲ. ಚಿತ್ರದಲ್ಲಿ ಇಷ್ಟೇ ನಡೆಯುವುದು. ಕೋಪ ತೀರಿಸಿಕೊಳ್ಳಲು ಒಬ್ಬ ದುಷ್ಟನಾದರೂ ಸಿಕ್ಕಿದ್ದರೆ ಪ್ರೇಕ್ಷಕನಿಗೆ ಹಗುರವಾಗುತ್ತಿತ್ತು. ಕಾಸರವಳ್ಳಿ ಆ ಸೌಕರ್ಯ ಕೊಡುವುದಿಲ್ಲ. ಪ್ರತಿಯೊಬ್ಬ ಗುಮಾಸ್ತನೂ ತನ್ನ ಪಾಲಿನ ನಿಯಮವನ್ನಷ್ಟೇ ಹೇಳುತ್ತಾನೆ. ಆ ನಿಯಮಗಳನ್ನೆಲ್ಲ ಕೂಡಿಸಿದರೆ ಒಬ್ಬಳ ಕಾಲು ಕೊಳೆಯುತ್ತದೆ. ಅಂಥ ನಿಯಮಗಳನ್ನೇ ದಿನವೂ ಹೇಳುವವನಾದ್ದರಿಂದ ಈ ಚಿತ್ರ ನನ್ನನ್ನು ಅಳಿಸುವುದಕ್ಕಿಂತ ಹೆಚ್ಚಾಗಿ ಹೆದರಿಸಿತು. ಗಡಿನಾಡಿನ ಓದುಗರು ಗಮನಿಸಬೇಕಾದ ಇನ್ನೊಂದು ಮಾತೂ ಉಂಟು. ತಬರನಾಗಿ ನಟಿಸಿದವರು ತಮಿಳರು, ಕ್ಯಾಮರಾ ಹಿಡಿದ ಮಧು ಅಂಬಾಟ್ ಮಲಯಾಳಿ. ಕನ್ನಡದ ಇಷ್ಟು ಕನ್ನಡತನದ ಚಿತ್ರವೊಂದು ಮೂರು ಭಾಷೆಯವರ ದುಡಿಮೆಯಿಂದ ಆಯಿತು.

ಎರಡನೆಯದು ಮಲಯಾಳದ ‘ವರವೇಲ್ಪ್’ (1989). ಶ್ರೀನಿವಾಸನ್ ಬರೆದು ಸತ್ಯನ್ ಅಂದಿಕ್ಕಾಡ್ ನಿರ್ದೇಶಿಸಿದ ಚಿತ್ರ, ನಾಯಕ ಮೋಹನ್‌ಲಾಲ್. ಗಲ್ಫಿನಲ್ಲಿ ವರ್ಷಗಟ್ಟಲೆ ದುಡಿದು ಬಂದ ಮುರಳಿ ಇನ್ನು ಊರಲ್ಲೇ ಇರುವೆನೆಂದು ಒಂದು ಬಸ್ಸು ಕೊಳ್ಳುತ್ತಾನೆ. ದುಡ್ಡು ಕದ್ದ ಕಂಡಕ್ಟರನನ್ನು ಕೆಲಸದಿಂದ ತೆಗೆಯುತ್ತಾನೆ, ಯೂನಿಯನ್ ಎದುರು ನಿಲ್ಲುತ್ತದೆ, ಬಸ್ಸು ಪುಡಿಯಾಗುತ್ತದೆ, ಮುರಳಿ ಮತ್ತೆ ಊರು ಬಿಟ್ಟು ಹೊರಡುತ್ತಾನೆ. 2003ರಲ್ಲಿ ಕೊಚ್ಚಿಯಲ್ಲಿ ನಡೆದ ಹೂಡಿಕೆದಾರರ ಸಮ್ಮೇಳನದಲ್ಲಿ ಪ್ರಧಾನಿ ವಾಜಪೇಯಿಯವರೇ ಈ ಚಿತ್ರವನ್ನು ಹೆಸರಿಸಿದ್ದರು. ಅಂದಿನಿಂದಂತೂ ಇದು ಯೂನಿಯನ್ ವಿರೋಧಿ ಚಿತ್ರವೆಂಬ ಮಾತು ಗಟ್ಟಿಯಾಗಿಬಿಟ್ಟಿದೆ. ನಾನು ಹಾಗೆ ಓದುವುದಿಲ್ಲ. ಯೂನಿಯನ್ ಬರುವ ಮುಂಚೆ ಮುರಳಿಯ ಲೆಕ್ಕ ಹಾಕುವವರು ಮನೆಯವರು. ತಂದ ಪೆಟ್ಟಿಗೆ ಖಾಲಿಯಾಗುವ ತನಕ ಸ್ವಾಗತ. ಆಮೇಲೆ ಮುಖಗಳು ಬೇರೆ. ಕಾಸರಗೋಡಿನಲ್ಲಿ ಗಲ್ಫಿನ ಹಣ ಬಾರದ ಬೀದಿ ಕಡಿಮೆ. ರಜೆಗೆ ಬಂದವನ ಪಾಸ್‌ಪುಸ್ತಕ ಮೊದಲ ವಾರ ಹೇಗಿರುತ್ತದೆ, ಹೊರಡುವ ವಾರ ಹೇಗಿರುತ್ತದೆ ಎಂದು ಕಂಡವರಿಗೆ ಈ ಚಿತ್ರದ ಹಾಸ್ಯ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಅಷ್ಟು ನಗಿಸಿಯೂ ಅಷ್ಟು ನಿಷ್ಠುರವಾಗಿರುವುದು ಶ್ರೀನಿವಾಸನ್ನರ ಬರವಣಿಗೆಯ ಬಲ.

ಮುಂದಿನ ಎರಡು ಚಿತ್ರಗಳು ನಮ್ಮ ಜಿಲ್ಲೆಯಲ್ಲೇ ನಡೆಯುವಂಥವು. ದಿಲೀಶ್ ಪೋತ್ತನ್‌ರ ‘ತೊಂಡಿಮುದಲುಂ ದೃಕ್‌ಸಾಕ್ಷಿಯುಂ’ (2017) ಎಂದರೆ ಕಳವಿನ ಮಾಲು ಮತ್ತು ಕಣ್ಣಾರೆ ಕಂಡ ಸಾಕ್ಷಿ. ಜಾತಿ ಮೀರಿ ಮದುವೆಯಾಗಿ ತೆಂಕಣ ಕೇರಳದಿಂದ ಇಲ್ಲಿಗೆ ಬಂದ ದಂಪತಿ ಬಸ್ಸಿನಲ್ಲಿ ಹೋಗುತ್ತಿರುವಾಗ ಹೆಂಡತಿಯ ತಾಳಿಸರ ಕಳವಾಗುತ್ತದೆ. ಕದ್ದವನು ಅದನ್ನು ನುಂಗಿಬಿಡುತ್ತಾನೆ. ಅಲ್ಲಿಂದ ಕಥೆಯೆಲ್ಲ ಶೇಣಿಯ ಪೊಲೀಸ್ ಠಾಣೆಯಲ್ಲಿ. ಸರ ಹೊರಬರುವುದನ್ನು ಕಾಯುತ್ತ ಕೂತ ಪೊಲೀಸರು, ಹೆಸರು ಕೇಳಿದರೆ ದೂರು ಕೊಟ್ಟವನ ಹೆಸರನ್ನೇ ತನ್ನದೆಂದು ಹೇಳುವ ಕಳ್ಳ. ಫಹದ್ ಫಾಸಿಲ್‌ಗೆ ಈ ಪಾತ್ರಕ್ಕಾಗಿ ಪೋಷಕ ನಟನ ರಾಷ್ಟ್ರಪ್ರಶಸ್ತಿ ಬಂತು.

ಶೇಣಿ ಎಂದರೆ ಕನ್ನಡಿಗರಿಗೆ ನೆನಪಾಗುವುದು ಶೇಣಿ ಗೋಪಾಲಕೃಷ್ಣ ಭಟ್ಟರು, ತಾಳಮದ್ದಳೆಯ ಅರ್ಥಗಾರಿಕೆ. ಎದುರಾಳಿಯ ಮಾತಿನಲ್ಲೇ ಅವನನ್ನು ಕಟ್ಟಿಹಾಕುವ ವಾದ ಅದು. ಈ ಕಳ್ಳನೂ ಅಂಥ ಒಬ್ಬ ಅರ್ಥಧಾರಿಯೇ. ವಾಲಿಯ ಪಾತ್ರಧಾರಿ ರಾಮನನ್ನು ಪ್ರಶ್ನೆಗಳಲ್ಲಿ ಸಿಕ್ಕಿಸುವ ಹಾಗೆ ಇವನು ಠಾಣೆಯನ್ನು ಸಿಕ್ಕಿಸುತ್ತಾನೆ. ನಿರ್ದೇಶಕರಿಗೆ ಆ ಪರಂಪರೆ ಮನಸ್ಸಿನಲ್ಲಿ ಇತ್ತೆಂದು ನಾನು ಹೇಳುತ್ತಿಲ್ಲ. ನೋಡುವ ನಾವು ನಮ್ಮ ಸಾಮಾನನ್ನು ಜತೆಗೆ ಒಯ್ಯುತ್ತೇವೆ. ಮಲಯಾಳ ಚಿತ್ರವೊಂದು ಕನ್ನಡಿಗನಿಗೆ ಇಷ್ಟು ಹತ್ತಿರವಾಗಲು ಅದೂ ಒಂದು ದಾರಿ.

ರತೀಶ್ ಬಾಲಕೃಷ್ಣನ್ ಪೊದುವಾಳ್‌ರ ‘ನ್ನಾ ತಾನ್ ಕೇಸ್ ಕೊಡ್’ (2022) ಚಿತ್ರದಲ್ಲಿ ಮೇಜಿನ ಆಚೆ ನಿಂತವನು ತಿರುಗಿ ಬೀಳುತ್ತಾನೆ. ಹಿಂದೊಮ್ಮೆ ಕಳ್ಳನಾಗಿದ್ದ ರಾಜೀವನ್ ವಾಹನ ಢಿಕ್ಕಿಯಾಗುವುದನ್ನು ತಪ್ಪಿಸಲು ಶಾಸಕರ ಮನೆಯ ಪಾಗಾರ ಹಾರುತ್ತಾನೆ, ನಾಯಿ ಕಚ್ಚುತ್ತದೆ, ಕಳ್ಳತನದ ಕೇಸೂ ಬೀಳುತ್ತದೆ. ಇದಕ್ಕೆಲ್ಲ ಮೂಲ ರಸ್ತೆಯ ಹೊಂಡವೆಂದು ಅವನು ಮಂತ್ರಿಯನ್ನೇ ಕೋರ್ಟಿಗೆಳೆಯುತ್ತಾನೆ. ಕಾಲ ಕಳೆದದ್ದನ್ನು ಚಿತ್ರ ತೋರಿಸುವುದು ಏರುತ್ತ ಹೋಗುವ ಪೆಟ್ರೋಲಿನ ದರದಿಂದ. ಲೆಕ್ಕ ಬರೆಯುವವನಿಗೆ ಇಂಥ ಜಾಣತನ ಬಲು ಇಷ್ಟ. ಮ್ಯಾಜಿಸ್ಟ್ರೇಟರಾಗಿ ನಟಿಸಿದ ಪಿ. ಪಿ. ಕುಂಞಿಕೃಷ್ಣನ್ ನಮ್ಮ ಜಿಲ್ಲೆಯವರೇ, ಶಿಕ್ಷಕರಾಗಿದ್ದವರು. ಅವರಿಗೆ ರಾಜ್ಯ ಪ್ರಶಸ್ತಿಯೂ ಬಂತು. ತಬರನಿಗೆ ಬೇಡಲಷ್ಟೇ ಗೊತ್ತಿತ್ತು. ರಾಜೀವನ್‌ಗೆ ಪ್ರಶ್ನಿಸಲು ಗೊತ್ತು. ಇಬ್ಬರ ನಡುವೆ ಮೂವತ್ತೈದು ವರ್ಷಗಳ ಅಂತರ.

ಈಗ ಹೇಳಲು ಸ್ವಲ್ಪ ಕಷ್ಟದ ಮಾತು. ಇಷ್ಟು ಬರೆದು ರಿಷಬ್ ಶೆಟ್ಟಿಯವರ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು’ (2018) ಚಿತ್ರದ ಹೆಸರೆತ್ತದಿದ್ದರೆ ಗೆಳೆಯರು ಸುಮ್ಮನಿರಲಾರರು. ಕಾಸರಗೋಡಿನ ಹೆಸರನ್ನು ಕರ್ನಾಟಕದ ಊರೂರಿಗೆ ಒಯ್ದ ಚಿತ್ರ ಅದು. ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ಕನ್ನಡ ಬಾರದ ಅಧ್ಯಾಪಕರ ಮುಂದೆ ಕೂತ ಕನ್ನಡದ ಮಕ್ಕಳ ಫಜೀತಿಯನ್ನು ಅದು ನಗಿಸುತ್ತಲೇ ನಿಜವಾಗಿ ಕಾಣಿಸಿತು. 1956ರ ನವೆಂಬರ್ 1ರ ನಂತರ ಇಲ್ಲಿ ಬೆಳೆದ ಕನ್ನಡಿಗರಿಗೆ ಆ ಫಜೀತಿಯನ್ನು ಯಾರೂ ವಿವರಿಸಬೇಕಾಗಿಲ್ಲ. ಮೊದಲರ್ಧ ನನಗೂ ಅಚ್ಚುಮೆಚ್ಚು.

ಆದರೆ ಮುಂದೆ ಮಕ್ಕಳು ಮೈಸೂರಿಗೆ ಹೋಗಿ ಒಬ್ಬ ಹಿರಿಯನನ್ನು ಕರೆತರುತ್ತಾರೆ, ಅನಂತನಾಗ್ ಕೋರ್ಟಿನಲ್ಲಿ ದೀರ್ಘವಾಗಿ ವಾದಿಸುತ್ತಾರೆ, ಎಲ್ಲವೂ ಸರಿಹೋಗುತ್ತದೆ. ಅನಂತನಾಗ್ ಮಾತಾಡಿದರೆ ಕೇಳುತ್ತ ಕೂರಬಹುದು, ಅದು ಬೇರೆ ವಿಷಯ. ನನ್ನ ತಕರಾರು ಎರಡು. ನಮ್ಮನ್ನು ಉಳಿಸುವವರು ಹೊರಗಿನಿಂದ ಬರಬೇಕೆಂಬ ನಂಬಿಕೆ ಒಂದು. ಶಾಲೆ ಮುಚ್ಚಿಸುವ ಮಲಯಾಳಿ ಅಧಿಕಾರಿಗೆ ಒಳಗೊಂದು ಮನಸ್ಸೇ ಇಲ್ಲದಿರುವುದು ಇನ್ನೊಂದು. ‘ತಬರನ ಕಥೆ’ಯ ಗುಮಾಸ್ತರಿಗೆ ಸಿಕ್ಕಿದ ನ್ಯಾಯ ಈ ಅಧಿಕಾರಿಗೆ ಸಿಕ್ಕಲಿಲ್ಲ. ಎದುರಾಳಿ ಬರೇ ಖಳನಾದಾಗ ನಮ್ಮ ಅಹವಾಲಿನ ತೂಕವೂ ಇಳಿಯುತ್ತದೆ. ನಮ್ಮ ಕಷ್ಟ ಇರುವುದು ಯಾರೋ ಒಬ್ಬನ ಕೆಟ್ಟತನದಲ್ಲಲ್ಲ. ಕನ್ನಡ ಅಚ್ಚಾಗದ ಫಾರ್ಮಿನಲ್ಲಿ, ಭರ್ತಿಯಾಗದ ಹುದ್ದೆಯಲ್ಲಿ, ಮುಂದಕ್ಕೆ ಹೋಗದ ಕಡತದಲ್ಲಿ.

ಹಾಗೆಂದು ಮಲಯಾಳ ಚಿತ್ರಗಳನ್ನು ತಲೆಯ ಮೇಲೆ ಹೊತ್ತು ಕುಣಿಯಬೇಕಾಗಿಲ್ಲ. ಈ ಜಿಲ್ಲೆಯ ಮಣ್ಣು, ಬಿಸಿಲು, ಆಡುಮಾತಿನ ಮಲಯಾಳ ಅವುಗಳಲ್ಲಿ ಸೊಗಸಾಗಿ ಬಂದಿವೆ. ಆದರೆ ಶೇಣಿಯಂಥ ಊರಿನ ಠಾಣೆಗೆ ದಿನವೂ ಬರುವ ಕನ್ನಡಿಗರ, ತುಳುವರ ಮಾತಿಗೆ ಅಲ್ಲಿ ಸಿಕ್ಕಿದ ಜಾಗ ಎಷ್ಟು? ಮಲಯಾಳಿ ಓದುಗರು ಈ ಪ್ರಶ್ನೆಯನ್ನು ದೂರೆಂದು ತಿಳಿಯಬಾರದು, ನೆರೆಮನೆಯವರು ಕೇಳಿದ ಪ್ರಶ್ನೆಯೆಂದು ಸ್ವೀಕರಿಸಬೇಕು. ಈ ಎರಡೂ ಭಾಷೆಗಳಲ್ಲಿ ಕೆಲಸ ಮಾಡಬಲ್ಲವರು ನಮ್ಮಲ್ಲಿಲ್ಲವೆಂದೇನೂ ಇಲ್ಲ. ಕಾಞಂಗಾಡಿನ ಸೆನ್ನ ಹೆಗ್ಡೆ 2018ರಲ್ಲಿ ‘ಕಥೆಯೊಂದು ಶುರುವಾಗಿದೆ’ ಎಂದು ಕನ್ನಡ ಚಿತ್ರ ಮಾಡಿದರು. ಆಮೇಲೆ ಊರಿನ ಒಂದು ಮದುವೆ ನಿಶ್ಚಯದ ಗಲಾಟೆಯನ್ನೇ ‘ತಿಂಗಳಾಳ್ಚ ನಿಶ್ಚಯಂ’ (2021) ಎಂದು ಮಲಯಾಳದಲ್ಲಿ ಮಾಡಿ ರಾಷ್ಟ್ರಪ್ರಶಸ್ತಿ ಪಡೆದರು. ಎರಡು ಭಾಷೆಗಳು ಎರಡು ಚಿತ್ರಗಳಲ್ಲಿ ಬಂದವು. ಒಂದೇ ಚಿತ್ರದಲ್ಲಿ, ಒಂದೇ ಮೇಜಿನ ಎರಡು ಬದಿಗಳಲ್ಲಿ ಅವು ಭೇಟಿಯಾಗುವುದನ್ನು ನೋಡುವಾಸೆ.

ಅಂಥ ಚಿತ್ರಕ್ಕೆ ದೊಡ್ಡ ಕಥೆ ಬೇಡ. ಬಾಯಾರಿನ ಕಡೆಯ ಅಜ್ಜಿಯೊಬ್ಬಳು ಅಡವಿಟ್ಟ ಬಳೆ ಬಿಡಿಸಲು ಬಂದಿದ್ದಾಳೆ. ಗುಮಾಸ್ತನಿಗೆ ಅವಳ ಮಾತು ಅರ್ಧವೇ ತಿಳಿಯುತ್ತದೆ, ಅವಳಿಗೆ ರಶೀದಿಯ ಅಕ್ಷರ ತಿಳಿಯುವುದಿಲ್ಲ. ಇಬ್ಬರೂ ಕೆಟ್ಟವರಲ್ಲ. ಹಿಂದೆ ಸಾಲು ಬೆಳೆಯುತ್ತಿದೆ. ಇಷ್ಟನ್ನು ಪ್ರಾಮಾಣಿಕವಾಗಿ ತೆಗೆದರೆ ಸಾಕು, ನನ್ನ ಪಟ್ಟಿಯ ಮೊದಲ ಸ್ಥಾನವನ್ನು ತಬರಸೆಟ್ಟಿ ಸಂತೋಷದಿಂದಲೇ ಬಿಟ್ಟುಕೊಟ್ಟಾನು.