ಸಂಶೋಧನೆಯ ದುಡ್ಡು ಯಾರನ್ನು ಪ್ರಶ್ನಿಸುತ್ತದೆ?

ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ನಡೆದ ಒಂದು ಅಧ್ಯಯನ ಅರ್ಥಶಾಸ್ತ್ರಜ್ಞರ ನಡುವೆ ಬಹಳ ಹೆಸರು ಮಾಡಿದೆ. ಅಮೆರಿಕದ ಬಟ್ಟೆ ಕಂಪನಿ ಗ್ಯಾಪ್ ರೂಪಿಸಿದ್ದ ತರಬೇತಿಯೊಂದನ್ನು ಶಾಹಿ ಎಕ್ಸ್‌ಪೋರ್ಟ್ಸ್‌ನ ಘಟಕಗಳಲ್ಲಿ ಲಾಟರಿಯಿಂದ ಆರಿಸಿದ ಹೆಣ್ಣುಮಕ್ಕಳಿಗೆ ಕೊಡಲಾಯಿತು. ಅಳುಕಿಲ್ಲದೆ ಮಾತಾಡುವುದು, ಹೊತ್ತನ್ನು ಹೊಂದಿಸಿಕೊಳ್ಳುವುದು, ದುಡ್ಡಿನ ಲೆಕ್ಕ ಇಟ್ಟುಕೊಳ್ಳುವುದು ಅದರ ಪಾಠಗಳು. ತರಬೇತಿ ಪಡೆದವರ ಉತ್ಪಾದಕತೆ ಶೇ 13.5ರಷ್ಟು ಹೆಚ್ಚಿತು, ಕೂಲಿ ಹೆಚ್ಚಿದ್ದು ಶೇ 0.5ರಷ್ಟು. ಕಂಪನಿಗೆ ಮಾತ್ರ ಹಾಕಿದ ದುಡ್ಡಿನ ಮೇಲೆ ಶೇ 250ಕ್ಕೂ ಮೀರಿದ ಲಾಭ.

ಅಧ್ಯಯನ ನಡೆಸಿದ ಅಚ್ಯುತ ಅಧ್ವರ್ಯು ಮತ್ತು ಸಂಗಡಿಗರು ಈ ಅಂಕಿಗಳನ್ನು ಮುಚ್ಚಿಡಲಿಲ್ಲ. ಲಾಭದ ಬಹುಪಾಲು ಕಂಪನಿಗೇ ಹೋಯಿತೆಂದು ಅವರ ಪ್ರಬಂಧವೇ ಹೇಳುತ್ತದೆ. ಆ ಪ್ರಾಮಾಣಿಕತೆ ಮೆಚ್ಚುವಂಥದ್ದು. ಆದರೂ ಈ ಅಧ್ಯಯನ ಹೊರಜಗತ್ತಿನಲ್ಲಿ ಹರಡಿದ್ದು 'ಕಾರ್ಮಿಕರ ಮೇಲೆ ಹಣ ಹೂಡಿದರೆ ಮಾಲೀಕರಿಗೆ ಲಾಭ' ಎಂಬ ಸುದ್ದಿಯಾಗಿ. ಲೈನಿನಲ್ಲಿ ಕೂತು ಟಾರ್ಗೆಟ್ ಮುಗಿಸಿದವಳ ಸಂಬಳ ಏಕೆ ಅಲ್ಲೇ ನಿಂತಿತು ಎಂಬ ಪ್ರಶ್ನೆಯ ಬೆನ್ನು ಹತ್ತಲು ಅಷ್ಟೇ ಉತ್ಸಾಹದ ಹಣ ಹರಿದುಬಂದಂತೆ ಕಾಣೆ.

ಹಿಂದುಳಿದ ದೇಶಗಳ ಹೆಂಗಸರ ದುಡಿಮೆಯ ಮೇಲಿನ ಸಂಶೋಧನೆಗೆ ಬರುವ ಹಣದ ಬಗ್ಗೆ ನನ್ನ ತಕರಾರು ಇದೇ. ಹೆಣ್ಣನ್ನು ತಿದ್ದುವ ಪ್ರಯೋಗಗಳಿಗೆ ದಾನಿಗಳು ಬೇಗ ಸಿಗುತ್ತಾರೆ. ಅವಳಿಗೆ ತರಬೇತಿ ಕೊಡಬಹುದು, ಬ್ಯಾಂಕ್ ಖಾತೆ ತೆರೆಸಬಹುದು, ಆತ್ಮವಿಶ್ವಾಸಕ್ಕೆ ಅಂಕ ಹಾಕಬಹುದು. ಅಳೆಯುವುದೂ ಸುಲಭ, ಯಾರಿಗೂ ಮುಜುಗರವಿಲ್ಲ. ಕಾರ್ಖಾನೆಯವರು, ಅವರಿಂದ ಕೊಳ್ಳುವ ವಿದೇಶಿ ಬ್ರ್ಯಾಂಡಿನವರು, ಕನಿಷ್ಠ ವೇತನ ನಿಗದಿ ಮಾಡುವ ಸರ್ಕಾರ ಇವರನ್ನೆಲ್ಲ ಲಾಟರಿಗೆ ಹಾಕಲಾಗದು. ಹಾಗಾಗಿ 'ಆರ್ಥಿಕ ಪರಿವರ್ತನೆ' ಎಂಬ ದೊಡ್ಡ ಮಾತು ಯೋಜನೆಯ ಶೀರ್ಷಿಕೆಯಲ್ಲಿರುತ್ತದೆ, ಒಳಗೆ ಅಳತೆಗೆ ಸಿಗುವವಳು ಒಬ್ಬ ಹೆಂಗಸು.

ಅಂದಹಾಗೆ, ಗಾರ್ಮೆಂಟ್ಸ್‌ನ ಹೆಣ್ಣುಮಕ್ಕಳಿಗೆ ಮಾತು ಬರುವುದಿಲ್ಲ ಎಂದುಕೊಂಡವರು 2016ರ ಏಪ್ರಿಲ್ ನೆನೆಯಬೇಕು. ಪಿಎಫ್ ಹಣ ತೆಗೆಯುವ ನಿಯಮವನ್ನು ಕೇಂದ್ರ ಬಿಗಿ ಮಾಡಿದಾಗ ಸಾವಿರಾರು ಗಾರ್ಮೆಂಟ್ಸ್ ಕಾರ್ಮಿಕರು, ಬಹುಪಾಲು ಹೆಂಗಸರೇ, ಬೆಂಗಳೂರಿನ ರಸ್ತೆಗಳಿಗಿಳಿದರು. ಎರಡೇ ದಿನದಲ್ಲಿ ನಿಯಮ ವಾಪಸಾಯಿತು. ಹಾಗೆ ಬೀದಿಗಿಳಿಯುವುದನ್ನು ಅವರಿಗೆ ಯಾವ ದಾನಿಯೂ ಕಲಿಸಿರಲಿಲ್ಲ.

ದಾನಿಗಳ ಎಲ್ಲ ಹಣವೂ ಹೆಣ್ಣನ್ನು ತಿದ್ದುವುದಕ್ಕೇ ಹೋಯಿತೆಂದರೆ ಅನ್ಯಾಯವಾದೀತು. ಕೆನಡಾದ ಸಂಶೋಧನಾ ನೆರವು ಸಂಸ್ಥೆ ಐಡಿಆರ್‌ಸಿ, ಬ್ರಿಟನ್ನಿನ ಅಂದಿನ ವಿದೇಶಿ ನೆರವು ಇಲಾಖೆ ಡಿಎಫ್‌ಐಡಿ, ಅಮೆರಿಕದ ಹ್ಯೂಲೆಟ್ ಫೌಂಡೇಷನ್ ಸೇರಿ 2013ರಲ್ಲಿ ಆರಂಭಿಸಿದ 'ಗ್ರೋ' ಎಂಬ ಸಂಶೋಧನಾ ಕಾರ್ಯಕ್ರಮವನ್ನೇ ನೋಡಿ. ಅದರ ಹಣದಲ್ಲಿ ನೈರೋಬಿಯ ಕೊರೊಗೊಚೊ ಕೊಳೆಗೇರಿಯಲ್ಲಿ ನಡೆದ ಕೆಲಸ ನನ್ನ ಮಟ್ಟಿಗೆ ಇಂಥ ಸಂಶೋಧನೆಗಳ ಇಡೀ ರಾಶಿಯಲ್ಲಿ ಉತ್ತಮವಾದುದು. ಆಫ್ರಿಕಾದ್ದೇ ಆದ ಸಂಶೋಧನಾ ಸಂಸ್ಥೆಯೊಂದು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದೊಂದಿಗೆ ಕೂಡಿ, ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರಗಳ ಶುಲ್ಕಕ್ಕೆ ಕೆಲವು ತಾಯಂದಿರಿಗೆ ವೋಚರ್ ಕೊಟ್ಟಿತು. ವೋಚರ್ ಸಿಕ್ಕವರಲ್ಲಿ ದುಡಿಮೆಯಲ್ಲಿದ್ದವರ ಪ್ರಮಾಣ ಸಿಗದವರಿಗಿಂತ ಶೇಕಡಾವಾರು 8.5 ಅಂಶ ಹೆಚ್ಚಿತ್ತು. ಇಲ್ಲಿ ಯಾರೂ ತಾಯಿಯ ಸ್ವಭಾವ ತಿದ್ದಲು ಹೋಗಲಿಲ್ಲ. ಮಗುವನ್ನು ಎಲ್ಲಿ ಬಿಡಬೇಕೆಂಬ ಅವಳ ದಿನದಿನದ ತಾಪತ್ರಯಕ್ಕೆ ದಾರಿ ತೋರಿಸಿದರು, ಅಷ್ಟೇ. ಪ್ರಶ್ನೆ ಸರಿಯಿದ್ದರೆ ಉತ್ತರ ಇಷ್ಟು ಸರಳವಾಗಿ ಬರುತ್ತದೆ.

ಆದರೆ ಉತ್ತರ ಬಂದ ಮೇಲೆ? ದಾನಿಗಳ ಹಣಕ್ಕೆ ಐದು ವರ್ಷದ ಆಯಸ್ಸು. ವರದಿ, ಸಮ್ಮೇಳನ, ನೀತಿ ಟಿಪ್ಪಣಿ ಮುಗಿದರೆ ಮುಂದಿನ ಕಾರ್ಯಕ್ರಮಕ್ಕೆ ಬೇರೆ ಹೆಸರು. ಸಾಬೀತಾದದ್ದನ್ನು ಜಾರಿಗೆ ತರುವ ಹೊಣೆ ಹೊತ್ತವರು ಯಾರೂ ಮೇಜಿನ ಸುತ್ತ ಇರುವುದಿಲ್ಲ. ಕೊಡುವ ಕೈಯೂ ಈಗ ಬಿಗಿಯಾಗಿದೆ. ಡಿಎಫ್‌ಐಡಿ 2020ರಲ್ಲೇ ವಿದೇಶಾಂಗ ಇಲಾಖೆಯಲ್ಲಿ ಲೀನವಾಯಿತು. ಬ್ರಿಟನ್ ತನ್ನ ವಿದೇಶಿ ನೆರವನ್ನು 2027ರ ಹೊತ್ತಿಗೆ ರಾಷ್ಟ್ರೀಯ ಆದಾಯದ ಶೇ 0.3ಕ್ಕೆ ಇಳಿಸುವುದಾಗಿ ಹೇಳಿದೆ. ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್ 2025ರಲ್ಲಿ ಬಾಗಿಲು ಹಾಕಿತು.

ದೊಡ್ಡ ಹಣವಿಲ್ಲದೆಯೂ ದೊಡ್ಡ ಪ್ರಶ್ನೆ ಕೇಳಬಹುದೆಂಬುದಕ್ಕೆ ನಮ್ಮಲ್ಲೇ ಸಾಕ್ಷಿಯಿದೆ. ಮೈಸೂರಿನಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್ 1970ರ ದಶಕದಲ್ಲಿ ರಾಜಸ್ಥಾನ ಮತ್ತು ಪಶ್ಚಿಮ ಬಂಗಾಳದ ಕೆಲವೇ ಹಳ್ಳಿಗಳಲ್ಲಿ ಹೆಂಗಸರ ದಿನಚರಿಯನ್ನು ಗಂಟೆ ಗಂಟೆಗೆ ದಾಖಲಿಸಿದರು. ಸರ್ಕಾರಿ ಸಮೀಕ್ಷೆಗಳು 'ಕೆಲಸವಿಲ್ಲ' ಎಂದು ಬರೆದುಕೊಂಡವರು ಬೆಳಗಿನಿಂದ ರಾತ್ರಿವರೆಗೆ ದುಡಿಯುತ್ತಿದ್ದರು. ದೇಶದ ಮಟ್ಟದಲ್ಲಿ ಇಂಥ ಸಮಯ ಬಳಕೆಯ ಸಮೀಕ್ಷೆ ಮೊದಲ ಬಾರಿಗೆ ಪೂರ್ಣವಾಗಿ ನಡೆದದ್ದು 2019ರಲ್ಲಿ. ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ ಕೊಡುತ್ತಾರೆಂದು ಅದು ಹೇಳಿತು. ಜೈನ್ ಕೇಳಿದ್ದನ್ನು ಸರ್ಕಾರ ಕೇಳಲು ನಾಲ್ಕು ದಶಕ ಹಿಡಿಯಿತು.

ಕರ್ನಾಟಕ ಈಗ ಹೊರಗಿನ ದುಡ್ಡಿಗೆ ಕಾಯಬೇಕಿಲ್ಲ. ನರೇಗಾ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ 2023ರ ಬಜೆಟ್ ಹೇಳಿತು. ಅದೇ ವರ್ಷದ ಜೂನ್‌ನಲ್ಲಿ 'ಶಕ್ತಿ' ಯೋಜನೆಯಡಿ ಹೆಂಗಸರಿಗೆ ಉಚಿತ ಬಸ್ ಬಂತು. ಇವೆರಡೂ ಹೆಣ್ಣನ್ನು ತಿದ್ದದೆ ಅವಳ ಸುತ್ತಲ ಸ್ಥಿತಿಯನ್ನು ಬದಲಿಸಲು ಹೊರಟವು. ಇವುಗಳಿಂದ ಯಾರ ಕೂಲಿ ಹೆಚ್ಚಿತು, ಯಾರು ಹೊಸದಾಗಿ ಕೆಲಸಕ್ಕೆ ಸೇರಿದರು, ಯಾವ ಊರಿನ ಕೂಸಿನ ಮನೆಗೆ ಬೀಗ ಬಿದ್ದಿದೆ ಎಂಬುದನ್ನು ವರ್ಷವರ್ಷವೂ ಅಳೆಯಲು ಆಯವ್ಯಯದಲ್ಲೇ ಒಂದು ಪಾಲು ಎತ್ತಿಡಲಿ. ಆ ಹಣ ಬೆಂಗಳೂರಿನ ನಾಗರಭಾವಿಯ ಸಂಶೋಧನಾ ಸಂಸ್ಥೆ ಐಸೆಕ್‌ಗೂ ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯಕ್ಕೂ ಸಿಗಲಿ. ಸಂಶೋಧನೆಯ ಪ್ರಶ್ನೆ ಆರಿಸುವ ಸಮಿತಿಯಲ್ಲಿ ಗಾರ್ಮೆಂಟ್ಸ್ ಯೂನಿಯನ್ನಿನ ಹೆಣ್ಣುಮಕ್ಕಳಿಗೂ ಕುರ್ಚಿ ಹಾಕಿ.