ಕೈ ಚಾಚದ ಶ್ರೀಸಾಮಾನ್ಯ

ಕಡೂರಿನ ಸಭೆಯೊಂದರಲ್ಲಿ ಈಚೆಗೆ ಮತ್ತೆ ಆ ಮಾತು ಕಿವಿಗೆ ಬಿತ್ತು. ನಮ್ಮ ವ್ಯಂಗ್ಯಚಿತ್ರಕಾರರು ಯಾರ ಮನಸ್ಸಿಗೂ ನೋವಾಗದಂತೆ ನಗಿಸಿದರಂತೆ. ಜೋರು ಚಪ್ಪಾಳೆ. ನೋವಾಗದಂತೆ ಹಲ್ಲು ಕೀಳುವ ಡಾಕ್ಟರರನ್ನು ಹೀಗೆ ಹೊಗಳಿದರೆ ನಾನೂ ಚಪ್ಪಾಳೆ ತಟ್ಟುತ್ತೇನೆ. ವ್ಯಂಗ್ಯಚಿತ್ರ ಬರೆಯುವವನಿಗೆ ಈ ಶಾಲು ಹೊದಿಸುವುದೆಂದರೆ ಅವನ ಕೈಯ ಕುಂಚ ಕಿತ್ತುಕೊಂಡಂತೆ.

ಈ ಮೆಚ್ಚುಗೆಯ ಬೇರು ‘ಕೊರವಂಜಿ’ಯಲ್ಲಿದೆ. 1942ರಲ್ಲಿ ರಾಶಿ, ಅಂದರೆ ಡಾ. ಎಂ. ಶಿವರಾಂ, ಹೊರಡಿಸಿದ ಪತ್ರಿಕೆ ಅದು. ಮೈಸೂರಿನ ಹುಡುಗ ಆರ್.ಕೆ. ಲಕ್ಷ್ಮಣ್ ಚಿತ್ರ ಬರೆಯುತ್ತಿದ್ದದ್ದೂ ಅಲ್ಲೇ. ರಾಶಿಯವರ ಹಾಸ್ಯಕ್ಕೆ ನಾನೂ ಮರುಳಾದವನೇ. ಆದರೆ ಅದು ಜಗಲಿಯ ಮೇಲೆ ಕಾಫಿ ಲೋಟ ಹಿಡಿದು ಕೂತವರ ನಗು. ಕೆಸರು ತುಳಿದು ಬಂದವನಿಗೆ ಅಲ್ಲಿ ಮಣೆ ಹಾಕಿದ್ದು ಕಡಿಮೆ.

ನನ್ನ ಮುಖ್ಯ ತಕರಾರು ಲಕ್ಷ್ಮಣರ ಶ್ರೀಸಾಮಾನ್ಯನ ಮೇಲೆ. 1951ರಿಂದ ‘ಟೈಮ್ಸ್ ಆಫ್ ಇಂಡಿಯಾ’ದಲ್ಲಿ ನಿಂತೇ ಇದ್ದವನು. ಚೌಕಳಿ ಕೋಟು, ಪಂಚೆ, ಕನ್ನಡಕ, ಬೋಳುತಲೆಯ ಅಂಚಿನಲ್ಲಿ ನಾಲ್ಕು ಕೂದಲು. ಗೆರೆಯ ಬಗ್ಗೆ ಎರಡು ಮಾತಿಲ್ಲ. ಲಕ್ಷ್ಮಣ್ ಕುಂಚ ಒಮ್ಮೆ ಎಳೆದರೆ ಮಂತ್ರಿಯ ಹೊಟ್ಟೆ, ಇನ್ನೊಮ್ಮೆ ಎಳೆದರೆ ಮುರುಕಲು ಕುರ್ಚಿ. ಆದರೆ ಮಂತ್ರಿ ತಿನ್ನುತ್ತಾನೆ, ಸಾಹೇಬ ತಿನ್ನುತ್ತಾನೆ, ಕಂಟ್ರಾಕ್ಟರ್ ತಿನ್ನುತ್ತಾನೆ; ಈತ ಮಾತ್ರ ಬಾಯಿ ಬಿಡದೆ ನೋಡುತ್ತಾನೆ. ನಾನು ಕಂಡ ಚಿತ್ರಗಳಲ್ಲಿ ಒಂದು ಸಲವೂ ಆತ ಓಟಿಗೆ ದುಡ್ಡು ಇಸಿದುಕೊಂಡದ್ದಿಲ್ಲ. ಕಡೂರು, ತರೀಕೆರೆ, ಅಜ್ಜಂಪುರದ ಯಾವ ಓಣಿಯಲ್ಲೂ ಇಂಥ ಮತದಾರ ನನಗೆ ಸಿಕ್ಕಿಲ್ಲ. ನಮ್ಮವನು ಇಬ್ಬರ ಬಾಡೂಟವನ್ನೂ ಉಂಡು, ಇಬ್ಬರಿಗೂ ‘ನಮ್ಮನೆ ಓಟು ನಿಮ್ಗೇ ಬಿಡಣ್ಣ’ ಅಂದು, ಬೂತಿನೊಳಗೆ ಮೂರನೆಯವನಿಗೆ ಒತ್ತಿ ಬರುವ ಆಸಾಮಿ. ಈ ಕಿಲಾಡಿತನ ಶ್ರೀಸಾಮಾನ್ಯನಿಗೆ ಗೊತ್ತೇ ಇಲ್ಲ. ಅದಕ್ಕೇ ಅವನು ಯಾರಿಗೂ ಬೇಡವಾಗಲಿಲ್ಲ. ಅಂಚೆಚೀಟಿಯ ಮೇಲೆ ಬಂದ, ಪುಣೆಯಲ್ಲಿ ಪ್ರತಿಮೆಯಾದ, ಏರ್ ಡೆಕ್ಕನ್ ವಿಮಾನಗಳಿಗೆ ಗುರುತಾದ. ನಾಚಬೇಕಾದವರೇ ಬಂದು ಹಾರ ಹಾಕಿ ಹೋದರು.

ನಮ್ಮ ಈ ಆಸಾಮಿಯನ್ನು ಚಿತ್ರದಲ್ಲಿ ಕಾಣಬೇಕಾದರೆ ಇಂಗ್ಲೆಂಡಿಗೇ ಹೋಗಬೇಕು. ಅಲ್ಲಿನ ಚಿತ್ರಕಾರ ವಿಲಿಯಂ ಹೋಗಾರ್ತ್ 1754ರ ಆಕ್ಸ್‌ಫರ್ಡ್‌ಶೈರ್ ಚುನಾವಣೆಯ ಬಿಸಿ ಆರುವ ಮೊದಲೇ ನಾಲ್ಕು ಚಿತ್ರ ಬರೆದ; ಅವನ್ನು ತಾಮ್ರದ ತಗಡಿನಲ್ಲಿ ಕೊರೆಸಿ, ಅಚ್ಚು ಹಾಕಿಸಿ ಮಾರಿದ. ಒಂದರಲ್ಲಿ ಹೆಂಡದಂಗಡಿಯ ಮುಂದೆ ಒಬ್ಬ ರೈತ ನಿಂತಿದ್ದಾನೆ. ಆ ಕಡೆ ಒಂದು ಪಕ್ಷದ ಏಜೆಂಟು, ಈ ಕಡೆ ಇನ್ನೊಂದರವನು, ಇಬ್ಬರೂ ಅವನ ಅಂಗೈಗೆ ನಾಣ್ಯ ತುರುಕುತ್ತಿದ್ದಾರೆ. ಅವನು ಯಾರಿಗೂ ಬೇಡ ಅನ್ನುತ್ತಿಲ್ಲ. ಮತಗಟ್ಟೆಯ ಚಿತ್ರದಲ್ಲಿ ಸಾಯುತ್ತಿರುವವನನ್ನೂ ಹೊತ್ತು ತಂದಿದ್ದಾರೆ. ಕೈ ಕಳೆದುಕೊಂಡ ಸಿಪಾಯಿ ಬೈಬಲಿನ ಮೇಲೆ ಕಬ್ಬಿಣದ ಕೊಕ್ಕೆ ಇಟ್ಟು ಪ್ರಮಾಣ ಮಾಡುತ್ತಾನೆ, ಅದು ನಡೆಯುತ್ತದೋ ಇಲ್ಲವೋ ಎಂದು ವಕೀಲರ ಜಗಳ. ಕೊನೆಯದರಲ್ಲಿ ಗೆದ್ದವನು ಹೊತ್ತವರ ಹೆಗಲ ಮೇಲಿಂದ ಕುರ್ಚಿಸಮೇತ ಉರುಳುವುದರಲ್ಲಿದ್ದಾನೆ, ಕೆಳಗೆ ಹಂದಿಗಳ ಓಟ. ಹೋಗಾರ್ತ್ ಯಾರನ್ನೂ ಬಿಡಲಿಲ್ಲ, ಓಟು ಹಾಕುವವನನ್ನೂ. ಆ ರೈತನ ತಲೆಗೊಂದು ಟವೆಲ್ಲು ಸುತ್ತಿ ಅಜ್ಜಂಪುರದ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ. ಯಾರೂ ತಿರುಗಿ ನೋಡುವುದಿಲ್ಲ.

ಬಡವರನ್ನು ಗೇಲಿ ಮಾಡಿದಂತಲ್ಲವೇ ಎಂದು ಕೇಳುವವರಿದ್ದಾರೆ. ಅವರು ಮೂಡಲಪಾಯದ ಆಟಕ್ಕೆ ಒಂದು ರಾತ್ರಿ ಎದ್ದು ಕೂರಬೇಕು. ಅಲ್ಲಿನ ಹಾಸ್ಯಗಾರ ಹನುಮನಾಯಕ ಒಡ್ಡೋಲಗದಲ್ಲೇ ರಾಜನ ಮಾತು ತಿರುಚುತ್ತಾನೆ. ಮರುಗಳಿಗೆ ಚಾಪೆಯ ಮೇಲೆ ಕೂತವರ ಕಡೆ ತಿರುಗುತ್ತಾನೆ. ಬೈಸಿಕೊಂಡವರೇ ಹೆಚ್ಚು ನಗುತ್ತಾರೆ. ಆ ಬಾಯಿ ನಮ್ಮ ಪತ್ರಿಕೆಗಳಿಗೆ ಬರದಂತೆ ‘ಸದಭಿರುಚಿ’ ಎಂಬುದು ಬಾಗಿಲು ಕಾದಿತು. 1980ರಲ್ಲಿ ಶುರುವಾದ ‘ಲಂಕೇಶ್ ಪತ್ರಿಕೆ’ ಮುಖ್ಯಮಂತ್ರಿ ಗುಂಡೂರಾಯರನ್ನು ‘ಗುಂ’ ಎಂದು ಒಂದಕ್ಷರಕ್ಕೆ ಇಳಿಸಿದಾಗ ಸಭ್ಯರು ಮೂಗು ಮುರಿದರು. ನನಗೆ ಆ ಸೊನ್ನೆಯೊಂದೇ ನೂರು ವ್ಯಂಗ್ಯಚಿತ್ರಕ್ಕೆ ಸಮ. ನಾನು ಲಂಕೇಶರ ಕಡೆಯವನು, ಮುಚ್ಚಿಡುವುದೇನಿದೆ.

ಸಭ್ಯರಷ್ಟೇ ಮತದಾರನನ್ನು ಮುಗ್ಧ ಎಂದುಕೊಂಡವರಲ್ಲ. 1978ರ ನವೆಂಬರ್‌ನ ಚಿಕ್ಕಮಗಳೂರು ಉಪಚುನಾವಣೆ ನೆನೆಯಿರಿ. ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಕ್ಷೇತ್ರದಲ್ಲಿ ಇಂದಿರಾ ಗಾಂಧಿ, ಎದುರಿಗೆ ಜನತಾ ಪಕ್ಷದ ವೀರೇಂದ್ರ ಪಾಟೀಲರು. ಜನತಾದವರು ಹೆಡೆಯೆತ್ತಿದ ನಾಗರಹಾವಿನ ಪೋಸ್ಟರ್ ಅಂಟಿಸಿದರು: ಹುಷಾರು, ಹಾವು ಮತ್ತೆ ಏಳುತ್ತಿದೆ, ಎಂಬ ಅರ್ಥ. ತುರ್ತುಪರಿಸ್ಥಿತಿ ಕಂಡವರಿಗೆ ಚಿತ್ರದಲ್ಲಿ ಸುಳ್ಳೇನೂ ಕಾಣಲಿಲ್ಲ. ಆದರೆ ಅದನ್ನು ಬರೆಸಿದವರು ನಮ್ಮ ಅರಳಿಕಟ್ಟೆಗಳನ್ನು ನೋಡಿರಲಿಲ್ಲ. ಇಲ್ಲಿ ನಾಗರಕಲ್ಲಿಗೆ ಹಾಲೆರೆಯುತ್ತಾರೆ, ಮನೆಯೊಳಗೆ ಬಂದ ಹಾವಿಗೂ ಕೈಮುಗಿದು ದಾರಿ ಬಿಡುತ್ತಾರೆ. ಇಂದಿರಾ 77 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಪೋಸ್ಟರಿನಿಂದಲೇ ಗೆದ್ದರು ಅನ್ನುತ್ತಿಲ್ಲ. ಹೆದರಿಸಲು ಹೋದವರಿಗೆ ಎದುರಿಗಿದ್ದವರು ಯಾರು ಅನ್ನುವುದೇ ತಿಳಿದಿರಲಿಲ್ಲ.

ಸಂತೆಯಿಂದ ಬರುತ್ತ ನಮ್ಮಜ್ಜಿ ಆ ಪೋಸ್ಟರಿನ ಮುಂದೆ ಗಕ್ಕನೆ ನಿಂತಳು. ‘ನಾಗಪ್ಪನ್ನ ಯಾಕೋ ಗೋಡೆಗೆ ಮೆತ್ತವ್ರೆ, ಮಳೆ ಬಂದ್ರೆ ನೆನೆಯಲ್ವಾ?’ ಅಂದಳು. ಅವಳು ಯಾರಿಗೆ ಒತ್ತಿದಳೋ ಕೊನೆತನಕ ಬಾಯಿ ಬಿಡಲಿಲ್ಲ. ಓಟಿನ ದಿನ ಅವಳ ಸಂಚಿಯಲ್ಲಿ ಎರಡೂ ಪಕ್ಷದವರು ಕೊಟ್ಟ ಎಲೆಅಡಿಕೆ ಇತ್ತು.